ಹಾಸಿನ ಆಚೆ ಬದಿಗೆ ಜುಂಜಮ್ಮ

ಕಾರ್ತಿಕ ಕಳೆದು ಚಳಿ ಬಲಿಯುತ್ತಿದೆ. ಕೋಳಿ ಕೂಗಿದ ಹೊತ್ತು. ಚಳ್ಳಕೆರೆಯ ಕಂಬಳಿ ಬೀದಿಯಲ್ಲಿ ಬೋರಕ್ಕ ಮೂರು ಕಲ್ಲಿನ ಒಲೆ ಹೂಡಿ ಹುಣಸೆಬೀಜದ ಗಂಜಿ ತಿರುವುತ್ತಿದ್ದಾಳೆ. ಕೈ ಹಂಡೆಯಲ್ಲಿ, ಕಣ್ಣು ಬೀದಿಯ ತುದಿಯಲ್ಲಿ. ತೊಂಬತ್ತೆಂಟನೇ ಇಸವಿಯ ಈ ಬೆಳಗ್ಗೆ ಮೊಟ್ಟಮೊದಲ ಸಲ ಅವಳ ಹತ್ತಿರ ಒಬ್ಬರು ಕೂಲಿಗೆ ಬರುತ್ತಾರೆ.

ಕಂಬಳಿ ಹೊದ್ದವರು ನೇಯ್ದವನ ಹೆಸರು ಕೇಳಿದರೂ ಕೇಳಿಯಾರು, ದಾರಕ್ಕೆ ಗಂಜಿ ಕುಡಿಸಿದವರ ಹೆಸರು ಕೇಳುವುದಿಲ್ಲ. ಉಣ್ಣೆಯ ದಾರವನ್ನು ಬೀದಿಯುದ್ದ ಬಿಗಿದು ಕಟ್ಟಿದರೆ ಅದೇ ಹಾಸು. ಇಬ್ಬರು ಎರಡು ಬದಿಗೆ ನಿಂತು, ಕುಂಚದಿಂದ ಗಂಜಿ ತೀಡುತ್ತಾ, ಎಳೆಗೆ ಎಳೆ ಅಂಟದ ಹಾಗೆ ಬಿಡಿಸುತ್ತಾ ಹೋಗಬೇಕು. ಬಿಸಿಲು ಏರುವುದರೊಳಗೆ ಮುಗಿಯಬೇಕು. ಅಂಟಿಕೊಂಡೇ ಒಣಗಿದ ಎಳೆ ಮಗ್ಗದಲ್ಲಿ ಪಟಪಟ ಹರಿಯುತ್ತದೆ. ಈ ಬೀದಿಯಲ್ಲಿ ಅದು ಗಂಡ ಹೆಂಡತಿ ಜೊತೆಗೆ ನಿಂತು ಮಾಡುವ ಕೆಲಸ. ಬೋರಕ್ಕನ ಗಂಡ ರಾಜಣ್ಣ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದರೆ ಮಳೆ ಬೀಳುವತನಕ ಬರುವುದಿಲ್ಲ. ಅಲ್ಲಿವರೆಗೂ ಈ ಬದಿಯಿಂದ ಆ ಬದಿಗೆ ಇವಳೊಬ್ಬಳೇ ಓಡುತ್ತಾಳೆ.

"ಮೊಳಕಾಲ್ಮೂರಲ್ಲಿ ರೇಷ್ಮೆ ಎಳೆ ಒಂದು ಹರಿದ್ರೆ ಮನೆಮಂದಿಯೆಲ್ಲಾ ಸೇರ್ತಾರಂತೆ. ನಮ್ದು ಉಣ್ಣೆ. ನಾನೇ ಗಂಡ, ನಾನೇ ಹೆಂಡ್ತಿ," ಎಂದು ನಗುತ್ತಾಳೆ.

ಕೆಲಸ ಹೆಚ್ಚಿ, ಒಂದು ಜೀವದಿಂದ ಆಗದು ಅನ್ನಿಸಿದಾಗ ತಾನಾಗಿ ಕೇಳಿಕೊಂಡು ಬಂದವಳು ಜುಂಜಮ್ಮ, ರಾಜಣ್ಣನ ಸೋದರತ್ತೆ. ಹೊಸ ಸೊಸೆಯಾಗಿ ಬಂದ ಬೋರಕ್ಕನಿಗೆ ಕುಂಚ ಹಿಡಿಯುವುದನ್ನು ಕಲಿಸಿದವಳೇ ಅವಳು. "ಕುಂತು ಉಣ್ಣೋದು ನನಗಾಗಲ್ಲ ಕಣೇ. ಕೂಲಿ ಕೊಡ್ತೀಯಾ, ಬರ್ತೀನಿ," ಎಂದಿದ್ದಳು.

ಎದುರು ಮನೆಯ ಕೆಂಚಕ್ಕ ಸುಮ್ಮನಿರುತ್ತಾಳೆಯೇ? "ಏನೇ ಬೋರಿ, ಅತ್ತೆನೇ ಕೂಲಿಗೆ ಇಟ್ಕಂಡ್ಯಾ? ನಾಳೆ ನಿಮ್ಮವ್ವನ್ನೂ ಕರಸ್ಕ!"

ಮೊದಲ ಹಾಸು ಮುಗಿಯುವಾಗಲೇ ಬೋರಕ್ಕನ ಕಣ್ಣಿಗೆ ಬೀಳುತ್ತದೆ: ಜುಂಜಮ್ಮನ ಬದಿಯಲ್ಲಿ ಅಲ್ಲಲ್ಲಿ ಎಳೆಗಳು ಜೋಡಿಯಾಗಿ ಅಂಟಿವೆ. ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುತ್ತಾಳೆ. "ಅವರೆದುರಿಗೆ ನಾನು ಕಟ್ಟೆ ಮ್ಯಾಲೆ ಕುಂತೋಳೇ ಅಲ್ಲ. ತಪ್ಪು ಅಂತ ಹೆಂಗನ್ಲಿ?" ಎಂದು ತನ್ನೊಳಗೇ ಅಂದುಕೊಳ್ಳುತ್ತಾಳೆ.

ನಾಲ್ಕಾರು ದಿನಕ್ಕೆ ನೇಕಾರ ದೊಡ್ಡೀರಪ್ಪ ಹರಿದ ದಾರದ ಮುದ್ದೆಯನ್ನು ತಂದು ಅವಳ ಕಟ್ಟೆಯ ಮೇಲೆ ಒಗೆಯುತ್ತಾನೆ. "ಇದೇನವ್ವಾ, ಗಂಜಿ ಹಚ್ಚಿದ್ಯೋ, ರಾಗಿಮುದ್ದೆ ಮೆತ್ತಿದ್ಯೋ? ಇನ್ನೊಂದು ಹಾಸು ಹಿಂಗಾದ್ರೆ ನಾನೂ ಬರಲ್ಲ, ನಮ್ಮೋರ್ಯಾರೂ ಬರಲ್ಲ." ಅವನ ಕಡೆಯ ಮಗ್ಗಗಳು ತಪ್ಪಿದರೆ ಬೋರಕ್ಕನ ಒಲೆ ಉರಿಯುವುದೇ ಇಲ್ಲ.

ಮುಂದಿನ ಸೋಮವಾರ ಬಿಗಿದು ಕಟ್ಟಿರುವುದು ದೊಡ್ಡೀರಪ್ಪನದೇ ಇನ್ನೊಂದು ಹಾಸು. "ಆಯ್ತು ಬಿಡೇ, ಸಾಕು," ಎಂದು ಜುಂಜಮ್ಮ ಕುಂಚ ಎತ್ತುತ್ತಾಳೆ. ಬೋರಕ್ಕ ಬಗ್ಗಿ ನೋಡುತ್ತಾಳೆ. ಮತ್ತೆ ಅದೇ. ಬಿಸಿಲು ಎದುರು ಮನೆಯ ಮಾಳಿಗೆಯಿಂದ ಗೋಡೆಗೆ ಇಳಿದಿದೆ. ಕೆಂಚಕ್ಕ ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ.

"ಅತ್ತೆ, ನಿಮ್ ಕಡೆ ಎಳೆ ಅಂಟ್ಯಾವ್ರಿ."

"ಏನಂದೆ?"

"ಅಂಟ್ಯಾವೆ ಅಂದೆ. ಇನ್ನೊಂದ್ಸಲ ತೀಡ್ಬೇಕು."

"ಕುಂಚ ಹಿಡಿಯೋದು ಕಲಿಸಿದೋಳಿಗೇ ಹೇಳ್ತೀಯಾ? ಅದೂ ಬೀದಿ ಮ್ಯಾಗೆ?"

"ಆಮ್ಯಾಲೆ ಬೈರಿ, ಎಷ್ಟು ಬೇಕೋ ಅಷ್ಟು ಬೈರಿ. ಮೊದ್ಲು ಎಳೆ ಬಿಡಿಸ್ರಿ, ಬಿಸ್ಲು ಬಂತು."

ಜುಂಜಮ್ಮ ಕುಂಚವನ್ನು ನೆಲಕ್ಕಿಡುತ್ತಾಳೆ. ಅವಳು ಈಗ ಎದ್ದು ಹೋದರೆ, ಇಷ್ಟು ಹೊತ್ತಾದ ಮೇಲೆ ಒದ್ದೆ ಹಾಸು ಒಬ್ಬಳ ಕೈಗೆ ಸಿಗುವುದಲ್ಲ. ಬೋರಕ್ಕನಿಗೆ ಅದು ಗೊತ್ತು, ಆಡಿದ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳುವುದಿಲ್ಲ. ಮುದುಕಿ ಬಗ್ಗಿ ಎಳೆಗಳ ಮೇಲೆ ಬೆರಳಾಡಿಸುತ್ತಾಳೆ. ಬೆರಳು ಒಂದು ಕಡೆ ನಿಲ್ಲುತ್ತದೆ, ಇನ್ನೊಂದು ಕಡೆಯೂ ನಿಲ್ಲುತ್ತದೆ. ಉಗುರಿನಿಂದ ಬಿಡಿಸತೊಡಗುತ್ತಾಳೆ. ಬೋರಕ್ಕ ಹಿಂದೆಯೇ ಕುಂಚ ಎಳೆಯುತ್ತಾಳೆ. ಬಿಸಿಲು ಬೆನ್ನಿಗೆ ತಾಗುವಾಗ ಹಾಸು ಉಳಿದುಕೊಂಡಿದೆ.

ಕೈ ತೊಳೆಯುವಾಗ ಜುಂಜಮ್ಮ ಮೆಲ್ಲಗೆ ಅನ್ನುತ್ತಾಳೆ: "ನನಗೆ ಕಾಣಲ್ಲ ಕಣೇ. ಎಳೆ ಅಂಬೋದು ಬರೀ ಮಂಜು. ತಪ್ಪು ಕಂಡ್ರೂ ನೀನು ಅನ್ನಲ್ಲ ಅಂಬೋ ಧೈರ್ಯದ ಮ್ಯಾಲೆ ಬಂದೆ."

"ನೀವು ಗಂಜಿ ಕಾಯಿಸ್ರಿ ಅತ್ತೆ. ಒಲೆ ಮುಂದೆ ಕುಂತ್ಕಳ್ರಿ."

"ಆಚೆ ಬದಿಗೆ ಯಾರು ನಿಲ್ತಾರೆ? ಇಬ್ಬರನ್ನ ಸಾಕೋವಷ್ಟು ಕೆಲಸ ಐತಾ ನಿನ್ನತ್ರ?"

ಇರಲಿಲ್ಲ. ಬೋರಕ್ಕ ಸುಳ್ಳೂ ಹೇಳಲಿಲ್ಲ.

ಅದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಈಗ ಐದಾರು ವರ್ಷದಿಂದ ಆಚೆ ಬದಿಗೆ ವನಜಾಕ್ಷಿ ಎಂಬ ಹೆಣ್ಣುಮಗಳು ನಿಲ್ಲುತ್ತಾಳೆ. ದೊಡ್ಡೀರಪ್ಪನ ದಾರ ಇವತ್ತಿಗೂ ಬೋರಕ್ಕನ ಹತ್ತಿರವೇ ಬರುತ್ತದೆ. "ವನಜಾಕ್ಷಿಗೆ ಬಂದ ದಿನಾನೇ ಹೇಳ್ಬಿಟ್ಟೆ. ನಾನು ತಪ್ಪು ಅಂದ್ರೆ ಮುನಿಸ್ಕಬ್ಯಾಡ, ನನ್ ತಪ್ಪು ಕಂಡ್ರೆ ನುಂಗ್ಕಬ್ಯಾಡ ಅಂತ. ಅವಳು ನುಂಗಂಗೂ ಇಲ್ಲ ಬಿಡ್ರಿ, ದಿನಾ ಅಂತಾಳೆ!" ಇನ್ನೇನು ಆಸೆ ಎಂದರೆ, ಮೂರನೆಯವರಿಗೂ ಕೂಲಿ ಕೊಡುವಷ್ಟು ಹಾಸು ಬಂದರೆ ಸಾಕು ಎನ್ನುತ್ತಾಳೆ.

ಜುಂಜಮ್ಮ ಕೆಲಸ ಬಿಟ್ಟು ಹೋದದ್ದು ಆ ಸೋಮವಾರವೇ. ಹಾಸು ಪೂರಾ ಒಣಗುವತನಕ ಕೂತಿದ್ದು, ಒಂದು ಸಲ ಕೈಯಾಡಿಸಿ, "ಈಗ ಸರಿ ಐತೆ," ಎಂದು ಎದ್ದಳು. ಅವಳು ಮನೆಗಳ ಗೋಡೆ ಮುಟ್ಟಿಕೊಂಡೇ ನಡೆಯುತ್ತಾಳೆ ಎಂಬುದನ್ನು ಬೋರಕ್ಕ ನೋಡಿದ್ದು ಅವತ್ತೇ ಮೊದಲು.