ಬಳ್ಳಾರಿಯಿಂದ ರಾರಾವಿಗೆ, ಬಸವರಾಜನ ಜೊತೆ

ಫಾಲ್ಗುಣದ ಬಿಸಿಲು ಏರುವ ಮೊದಲೇ ನಮ್ಮ ಎತ್ತಿನ ಬಂಡಿ ಬಳ್ಳಾರಿ ಬಿಟ್ಟಿತು. ರಾರಾವಿಯಾಚೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಜ್ವರ ಬಂದು, ಕತ್ತು ಸೆಟೆದು, ಮೈಮೇಲೆ ನೀಲಿ ಚುಕ್ಕೆ ಏಳುತ್ತಿವೆಯೆಂದು ಸುದ್ದಿ ಬಂದಿತ್ತು. ಎರಡು ಮಕ್ಕಳು ತೀರಿಕೊಂಡಿದ್ದವು. ಸಿಡುಬು ಬಾರದಂತೆ ಸೂಜಿಯಿಂದ ತೋಳು ಗೀರಿ ದೇವಿ ಹಾಕುವ ಕೆಲಸದಲ್ಲಿ ನಾನು ಹದಿನಾಲ್ಕು ವರ್ಷ ಆ ಸೀಮೆಯನ್ನೆಲ್ಲ ತುಳಿದವನು. ಆದರೆ ದವಾಖಾನೆಯ ದೊರೆ ಯಜಮಾನಿಕೆ ಕೊಟ್ಟದ್ದು ಮದರಾಸಿನಲ್ಲಿ ಡಾಕ್ಟರಿಕೆ ಕಲಿತು ಬಂದ ಬಸವರಾಜನಿಗೆ. ನನಗೆ, "ನಿಮಗೆ ದಾರಿ ಗೊತ್ತು, ಜೊತೆಗೆ ಹೋಗಿ" ಎಂದರು. ನನ್ನ ಹೊಟ್ಟೆ ಉರಿಯಿತು.

ಕುರುಗೋಡು ಹದಿನೇಳು ಮೈಲಿ. ಅಲ್ಲಿ ಗುಡ್ಡದ ಬುಡದ ಮನೆಯವರು ಬಸವರಾಜನನ್ನು ಒಳಗೆ ಕರೆದು ಬಿಸಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಕೆನೆಮೊಸರು ಬಡಿಸಿದರು. ಮಡಿಯವನಾದ ನಾನು ಜಗಲಿಯ ಮೇಲೆ ಕೂತು ಗಂಟಿನ ಅವಲಕ್ಕಿ ತಿಂದೆ. "ರೊಟ್ಟಿ ನಿಮಗ ನಡ್ಯಾಂಗಿಲ್ಲ, ಮೊಸರರ ತಗೋರಿ, ರಾಯರ" ಎಂದು ಬಸವರಾಜನೇ ಬಟ್ಟಲು ತಂದ. ಒಲ್ಲೆನೆಂದೆ. ಅವನು ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಸಿರುಗುಪ್ಪ, ಮೂರನೆಯ ದಿನ ರಾರಾವಿ ದಾಟಿ ಹಳ್ಳಿ ಸೇರಿದೆವು. ಬೀದಿಯಲ್ಲಿ ಒಂದು ಮಗುವೂ ಇರಲಿಲ್ಲ. ಗಂಗವ್ವ ಎಂಬಾಕೆಯ ಮಗಳು ಹೊರಸಿನ ಮೇಲೆ ಕತ್ತು ಹಿಂದಕ್ಕೆ ಬಾಗಿ ನರಳುತ್ತಿದ್ದಳು. ಬಸವರಾಜ ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿದ.

"ಇದಕ್ಕ ಔಷಧ ಇಲ್ಲವ್ವ. ಉಳಿದ ಮಕ್ಕಳನ್ನ ದೂರದೂರ, ಗಾಳಿ ಆಡೋ ಕಡಿ ಇಟ್ರ ಅವರರ ಉಳೀತಾವ. ಎಲ್ಲಿ ಅದಾವ?"

ಆಕೆ ಮಗಳ ಹಣೆಯ ಬಟ್ಟೆ ತೆಗೆದು ಮತ್ತೆ ನೀರಿಗೆ ಅದ್ದಿದಳು.

ನನಗೆ ಗೊತ್ತಿತ್ತು. ನಾನು ಬರುವ ಡಂಗುರ ಕೇಳಿದರೆ ಈ ಸೀಮೆಯವರು ಸೂಜಿಗೆ ಹೆದರಿ ಮಕ್ಕಳನ್ನೆಲ್ಲ ಒಂದೇ ಕಾಳಿನ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಈ ಸಲವೂ ಎರಡು ದಿನ ಮೊದಲೇ ಡಂಗುರ ಹೊಡೆದಾಗಿತ್ತು. ಆದರೂ ಹೇಳಲಿಲ್ಲ. ಮದರಾಸಿನಲ್ಲಿ ಕಲಿತವನಲ್ಲವೇ, ಅವನೇ ಹುಡುಕಲಿ ಎಂದು ಸುಮ್ಮನೆ ಕೂತೆ.

ಮಧ್ಯಾಹ್ನ ಇನ್ನೊಂದು ಮಗುವನ್ನು ಎತ್ತಿಕೊಂಡು ಬಂದರು. ಅದರ ಕತ್ತೂ ಸೆಟೆದಿತ್ತು, ತಲೆಗೂದಲಿಗೆ ಜೋಳದ ಹೊಟ್ಟು ಅಂಟಿತ್ತು. ನಾನು ಎದ್ದೆ.

"ಬಸವರಾಜ, ಎಲ್ಲಾ ಕಾಳಿನ ಕೋಣ್ಯಾಗ ಅದಾವ. ನನಗ ಆಗಲೇ ಗೊತ್ತಿತ್ತು" ಎಂದೆ. ಅವನು ಬೈಯಲಿಲ್ಲ, ಓಡಿದ.

ಗಂಗವ್ವ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮ ಮಾತು ಕೇಳ್ತೀವ್ರಿ, ಡಾಕ್ಟರ. ಆದ್ರ ಈ ಸೂಜಿ ಸ್ವಾಮ್ಯಾರು ಊರಾಗ ಇರೋತನಕ ಬಾಗ್ಲಾ ತೆಗ್ಯಾಂಗಿಲ್ಲ."

"ರಾಯರ..." ಎಂದು ಬಸವರಾಜ ನನ್ನ ಕಡೆ ತಿರುಗಿದ. ಅವನಿಂದ ಹೇಳಿಸಿಕೊಂಡು ಹೋಗುವುದು ನನಗೂ ಬೇಡವಾಗಿತ್ತು. ಸೂಜಿಪೆಟ್ಟಿಗೆಯನ್ನು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲಿಟ್ಟುಕೊಂಡು ಬಂಡಿ ಹತ್ತಿದೆ.

ಊರ ಹೊರಗಿನ ಕಾಲುವೆ ದಾಟಿ ತಿರುಗಿ ನೋಡಿದೆ. ಬಾಗಿಲು ತೆರೆದಿತ್ತು. ಮಕ್ಕಳು ಬಿಸಿಲಿಗೆ ಕೈ ಅಡ್ಡ ಹಿಡಿದು ಹೊರಗೆ ಬರುತ್ತಿದ್ದವು, ಬರುತ್ತಲೇ ಇದ್ದವು. ಬಸವರಾಜ ಒಂದು ಕೂಸನ್ನು ಸೊಂಟದ ಮೇಲೆ ಹೊತ್ತು, ಉಳಿದವರನ್ನು ಬೇವಿನ ಮರಗಳ ಕೆಳಗೆ ದೂರದೂರ ಕೂರಿಸುತ್ತಿದ್ದ. ಅವನ ಮೇಲಿನ ಹೊಟ್ಟೆಕಿಚ್ಚು ಆಗಲೂ ಇಳಿಯಲಿಲ್ಲ. ಹದಿನಾಲ್ಕು ವರ್ಷ ಬಂದುಹೋದ ಆ ಊರಿನಲ್ಲಿ ಅಷ್ಟು ಮಕ್ಕಳಿದ್ದಾರೆಂದು ನನಗೆ ತಿಳಿದದ್ದೇ ಅಂದು.