ಅಗಲ ಟೈರು, ಅಗಲದ ಸ್ಟೆಪ್ನಿ

ಅಂಕೋಲೆಯ ಟೆಂಪೋ ಸ್ಟ್ಯಾಂಡಿನಲ್ಲಿ ದುರ್ಗಾಳಿಗೆ ಒಂದು ಅಡ್ಡಹೆಸರಿತ್ತು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ. ಹೊಡೆತ ತಪ್ಪಿಸಿಕೊಳ್ಳುವಷ್ಟು ದೂರ, ಮಾತು ಕೇಳಿಸುವಷ್ಟು ಹತ್ತಿರ ನಿಂತು ಹೇಳುತ್ತಿದ್ದರು: ಸ್ಟೆಪ್ನಿ. ಗಾಡಿಯ ಹೊಟ್ಟೆಯಡಿ ಜೋತುಬಿದ್ದು ತನ್ನ ಸರದಿ ಕಾಯುವ ಐದನೇ ಚಕ್ರದ ಹೆಸರು ಅದು. ಮನೆಯಲ್ಲೊಬ್ಬಳಿದ್ದೂ ಹೊರಗೊಬ್ಬಳನ್ನು ಇಟ್ಟುಕೊಂಡವರ ಸುದ್ದಿ ಬಂದಾಗಲೂ ಡ್ರೈವರುಗಳು ಅದೇ ಶಬ್ದವನ್ನು ಬಳಸುತ್ತಾರೆ. ಆ ಎರಡನೇ ಅರ್ಥ ತನಗೆ ಗೊತ್ತೇ ಇಲ್ಲವೆಂಬಂತೆ ದುರ್ಗಾ ವ್ಯಾನು ಚಾಲೂ ಮಾಡಿ ಹೋಗಿಬಿಡುತ್ತಿದ್ದಳು.

ಹೆಸರು ಹುಟ್ಟಿದ್ದಕ್ಕೆ ಕಾರಣ ಅವಳ ಗಂಡನ ಮೊಣಕಾಲು. ಅವರ್ಸಾದ ರೂಪೇಶನದು ಬಾಡಿಗೆ ವ್ಯಾನು. ಕೇಣಿಯ ಮೀನು ಮಾರುವ ಹೆಂಗಸರನ್ನು ಬುಟ್ಟಿ ಸಮೇತ ದಿನಾ ಬೆಳಿಗ್ಗೆ ಕಾರವಾರದ ಪೇಟೆಗೆ ಮುಟ್ಟಿಸುವುದು ಕೆಲಸ. ಹೋದ ಮಳೆಗಾಲದ ಕೊನೆಗೆ ಮನೆಯ ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಬಿದ್ದು ಮೊಣಕಾಲು ಮುರಿದುಕೊಂಡ. ಅವನು ಸ್ಟೆಪ್ಪಿನಿಂದ ಜಾರಿದ, ಅವಳು ಸ್ಟೆಪ್ನಿಯಾದಳು. ಮದುವೆಯ ಹೊಸತರಲ್ಲಿ ಅವನೇ ಕೇಣಿಯ ಮರಳಿನಲ್ಲಿ ಮೋಜಿಗೆಂದು ಕಲಿಸಿದ್ದ ಡ್ರೈವಿಂಗು, ಆಮೇಲೆ ಅವಳು ಹಟಕ್ಕೆ ಬಿದ್ದು ತೆಗೆಸಿಕೊಂಡಿದ್ದ ಲೈಸೆನ್ಸು, ಎರಡೂ ಉಪಯೋಗಕ್ಕೆ ಬಂದವು.

ಬದಲಿಯಾಗುವುದು ಅವಳಿಗೆ ಹೊಸತೇನಲ್ಲ. ಮಾಜಾಳಿಯ ತವರುಮನೆಗೆ ರೂಪೇಶ ಹೆಣ್ಣು ನೋಡಲು ಬಂದದ್ದು ಅವಳ ಅಕ್ಕ ನಿಶಾಳನ್ನು. ನೋಡಿ, ಒಪ್ಪಿ, ಅಡುಗೆಯವರಿಗೂ ಹೇಳಿ ಆದಮೇಲೆ ನಿಶಾಳಿಗೆ ಗೋವೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಡ್ರೈವರನ ಸಂಗಡ ಸಂಸಾರ ತನಗೆ ಬೇಡವೆಂದಳು. ಹಿರಿಯರು ಒಳಕೋಣೆಯಲ್ಲಿ ಕೂತು ಚಾ ಕುಡಿದು, ದುರ್ಗಾ ಇದ್ದಾಳಲ್ಲ ಎಂದರು. ಲಗ್ನಪತ್ರಿಕೆಯಲ್ಲಿ ಒಂದು ಹೆಸರು ಬದಲಾಯಿತು, ಊಟದ ಮೆನು ಬದಲಾಗಲಿಲ್ಲ. ಆ ಸಂಗತಿಯನ್ನು ಗಂಡ ಹೆಂಡತಿ ಇಬ್ಬರೂ ಇಷ್ಟು ವರ್ಷ ಬಾಯಿಗೆ ತಂದವರಲ್ಲ.

ಈಗ ಮೊಣಕಾಲು ಕೂಡಿತ್ತು. ಸೋಮವಾರದಿಂದ ತಾನೇ ಗಾಡಿಗೆ ಹೋಗುವುದಾಗಿ ರೂಪೇಶ ತಾಯಿಗೆ ಹೇಳಿದ, ಸ್ಟ್ಯಾಂಡಿನವರಿಗೆ ಹೇಳಿದ, ಹಾಲಿನವನಿಗೂ ಹೇಳಿದ. ದುರ್ಗಾಳಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅವಳೇನನ್ನುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ. ಆ ಸೀಟು ಬಿಟ್ಟುಕೊಡಲು ತನಗೆ ಮನಸ್ಸಿಲ್ಲ ಎಂಬುದೊಂದು ಗೊತ್ತಿತ್ತು. ಬೆಳಗಿನ ತಂಪಿನಲ್ಲಿ ಹಿಂದೆ ಹೆಂಗಸರ ಜಗಳ, ಮುಂದೆ ಖಾಲಿ ರಸ್ತೆ, ನಡುವೆ ತಾನು. ಇಷ್ಟು ಅವಳದೇ ಆದ ಜಾಗ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಶನಿವಾರ ಇಬ್ಬರೂ ಗಣೇಶನ ಟೈರು ಅಂಗಡಿಗೆ ಹೋದರು. ವ್ಯಾನಿನ ನಾಲ್ಕೂ ಟೈರು ಓಡಿ ಓಡಿ ಟಯರ್ಡ್ ಆಗಿ, ಬೋಳುತಲೆಯ ಹಾಗೆ ಮಿಂಚುತ್ತಿದ್ದವು. ಸ್ಟೆಪ್ನಿ ಮಾತ್ರ ಹೊಸತು, ಕಂಪನಿಯ ಅಳತೆಯದು. ದುರ್ಗಾಳೇ ಮಳೆಗೆ ಮುಂಚೆ ಹಾಕಿಸಿದ್ದು. ರೂಪೇಶನ ಕಣ್ಣು ಗೋಡೆಗೆ ಒರಗಿಸಿಟ್ಟ ಅಗಲ ಟೈರುಗಳ ಮೇಲೆ ಬಿತ್ತು. ಹಳೆಯದರ ಮೇಲೆ ಅಗಲ ನೂರ ಐವತ್ತೈದು ಎಂದಿದ್ದರೆ ಇದರ ಮೇಲೆ ನೂರ ಎಪ್ಪತ್ತೈದು. ರಿಮ್ ಅದೇ, ಕೂರುತ್ತದೆ ಎಂದ ಗಣೇಶ.

ದುರ್ಗಾ ವ್ಯಾನಿನಡಿಯಿಂದ ಸ್ಟೆಪ್ನಿ ಇಳಿಸಿ ಉರುಳಿಸಿಕೊಂಡು ಬಂದು ಅಗಲದ್ದರ ಪಕ್ಕ ನಿಲ್ಲಿಸಿದಳು. ಅಗಲ ಹೆಚ್ಚಾದ ಹಾಗೆ ಎತ್ತರವೂ ಹೆಚ್ಚಿತ್ತು, ಎರಡು ಬೆರಳಿನಷ್ಟು. ನಾಳೆ ಹಿಂದಿನ ಚಕ್ರ ಪಂಕ್ಚರ್ ಆದರೆ ಒಂದು ಬದಿ ದೊಡ್ಡದು, ಒಂದು ಬದಿ ಸಣ್ಣದು ಆಗುತ್ತದಲ್ಲ ಎಂದು ಕೇಳಿದಳು. ಗಣೇಶ ಪ್ರಾಮಾಣಿಕ ಮನುಷ್ಯ. ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನೇ. ಅಲ್ಲಿ ಎರಡು ಅಳತೆ ಕೂಡಿದರೆ ನಡುವಿನ ಡಿಫರೆನ್ಶಿಯಲ್ ಗೇರು ಪುರುಸೊತ್ತಿಲ್ಲದೆ ದುಡಿದು ಬಿಸಿಯೇರುತ್ತದೆ, ಲೋಡಿನಲ್ಲಿ ಏರು ಹತ್ತಿಸಿದರೆ ಮುರಿದರೂ ಮುರಿಯಿತು ಎಂದ. ಹೋಗಲಿ, ಐದನೆಯದನ್ನೂ ಅಗಲದ್ದೇ ಕೊಳ್ಳೋಣವೆಂದರೆ ಅದು ವ್ಯಾನಿನಡಿಯ ತೊಟ್ಟಿಲಿನಲ್ಲಿ ಹಿಡಿಸುವುದಿಲ್ಲ ಎಂದೂ ಹೇಳಿದ.

"ಹಂಗಾರೆ ಸ್ಟೆಪ್ನಿಗೆ ಸರಿಯಾಗೋದೇ ಹಾಕುವಾ," ಎಂದಳು ದುರ್ಗಾ.

ಅಂಗಡಿಯಲ್ಲಿ ಸ್ಟ್ಯಾಂಡಿನ ಇಬ್ಬರು ಡ್ರೈವರುಗಳು ಕೂತಿದ್ದರು. ರೂಪೇಶ ಅವರತ್ತ ನೋಡಿ ನಕ್ಕ.

"ಸ್ಟೆಪ್ನಿ ಮಾತು ಕೇಳಿ ಯಾರಾದ್ರೂ ಗಾಡಿ ನಡೆಸ್ತಾರನಾ?"

ಡ್ರೈವರುಗಳು ನಗಲು ಶುರುಮಾಡಿದವರು, ದುರ್ಗಾಳ ಮುಖ ಕಂಡು ಅರ್ಧಕ್ಕೆ ನಿಲ್ಲಿಸಿದರು. ರೂಪೇಶನಿಗೂ ಮಾತು ಬಾಯಿಂದ ಬಿದ್ದ ಮೇಲೆ ಅದರ ತೂಕ ತಿಳಿದಿರಬೇಕು; ಗಣೇಶನಿಗೆ ಬೇಗ ಬೇಗ ಅಗಲದ್ದನ್ನೇ ಹಾಕಲು ಹೇಳಿ ಬೀಡಿ ಹಚ್ಚಿದ. ಗಂಡ ಹೆಂಡತಿಯನ್ನು ಅಗಲಿಸಲು ಇಷ್ಟು ಅಗಲ ಸಾಕು.

ಸೋಮವಾರ ರೂಪೇಶ ಡ್ರೈವರ್ ಸೀಟಿನಲ್ಲಿ ಕೂತ. ದುರ್ಗಾ ಎಡಬದಿಗೆ. ಅವಳು ಬರುವ ವಿಚಾರವೇ ಇರಲಿಲ್ಲ; ಆದರೆ ಕೇಣಿಯ ಕಾಮಿ, ಬುಟ್ಟಿ ಹೊರುವ ಹೆಂಗಸರಿಗೆಲ್ಲ ಹಿರಿಯಳು, ದುರ್ಗಿ ಬಾರದಿದ್ದರೆ ತಾನೂ ಹತ್ತುವುದಿಲ್ಲವೆಂದು ಹಿಂದಿನ ದಿನವೇ ಫೋನು ಮಾಡಿಸಿದ್ದಳು. ಮಳೆ ಹನಿಯುತ್ತಿತ್ತು. ಹಟ್ಟಿಕೇರಿ ದಾಟುವವರೆಗೂ ರೂಪೇಶ ಸೀಟಿ ಹೊಡೆಯುತ್ತ, ಅಗಲ ಟೈರು ರಸ್ತೆಯನ್ನು ಹೇಗೆ ಕಚ್ಚುತ್ತದೆಂದು ವರ್ಣಿಸುತ್ತಿದ್ದ. ಅಮದಳ್ಳಿಯ ಹತ್ತಿರ ಕಚ್ಚಿದ್ದು ಯಾವುದೋ ಲಾರಿಯಿಂದ ಬಿದ್ದ ಕಬ್ಬಿಣದ ತುಂಡನ್ನು. ಹಿಂದಿನ ಎಡಚಕ್ರ ಪಟಪಟನೆ ಬಡಿದುಕೊಂಡು ನೆಲಕ್ಕೆ ಕೂತಿತು.

ಹೆಂಗಸರನ್ನು ಇಳಿಸಿ, ಬುಟ್ಟಿಗಳನ್ನು ರಸ್ತೆಯ ಬದಿಗಿಟ್ಟರು. ಐಸು ಕರಗುವ ನೀರು ಮಳೆನೀರಿಗೆ ಕೂಡಿ ಹರಿಯತೊಡಗಿತು. ಪೇಟೆಯಲ್ಲಿ ಮಾಜಾಳಿಯ ಹೆಂಗಸರು ಮೊದಲು ಬಂದು ಕೂತರೆ ಮುಗಿಯಿತು ಎಂದು ಒಬ್ಬಳು ಗೊಣಗಿದಳು. ಅಷ್ಟರಲ್ಲಿ ಹಿಂದಿನಿಂದ ಸ್ಟ್ಯಾಂಡಿನ ಬೀರಾನ ಟೆಂಪೋ ಬಂದು ನಿಂತಿತು. ಬೀರಾನೂ ಕೇಣಿಯ ಸವಾರಿಗೆ ಬಹಳ ದಿನದಿಂದ ಆಸೆಪಟ್ಟವನು. ಇಳಿದು ಬರಲಿಲ್ಲ, ಕಿಟಕಿಯಿಂದ ತಲೆ ಹಾಕಿ, ಜಾಗ ಉಂಟು, ಬರುವವರು ಬರಬಹುದು ಎಂದ. ಒಂದು ಸಲ ಬುಟ್ಟಿ ಅವನ ಗಾಡಿ ಹತ್ತಿತೆಂದರೆ ನಾಳೆಯೂ ಅಲ್ಲೇ ಹತ್ತುತ್ತದೆ. ಮೂವರು ಹೆಂಗಸರು ಮುಖ ತಪ್ಪಿಸಿ ಹತ್ತಿದರು.

ರೂಪೇಶ ಗಡಿಬಿಡಿಯಲ್ಲಿ ಸ್ಟೆಪ್ನಿ ಎಳೆದು ಹಿಂದಿನ ಚಕ್ರದ ಬಳಿ ಜಾಕಿ ತಂದ. ದುರ್ಗಾ ಜಾಕಿಗೆ ಕಾಲು ಅಡ್ಡವಿಟ್ಟಳು.

"ಮೊದ್ಲು ಮುಂದಿನ ಚಕ್ರ ಬಿಚ್ಚಿ."

"ಪಂಕ್ಚರ್ ಆದದ್ದು ಹಿಂದಿಂದು. ಕಣ್ಣು ಕಾಣುದಿಲ್ವಾ ನಿಂಗೆ?"

"ಕಾಣ್ತದೆ. ಮುಂದಿನ ಬಿಣಗಾ ಏರೂ ಕಾಣ್ತದೆ."

ಮುಂದಿನ ಅಗಲ ಚಕ್ರವನ್ನು ಹಿಂದಕ್ಕೆ ಹಾಕಿದರೆ ಹಿಂದಿನ ಜೋಡಿ ಸಮವಾಗುತ್ತದೆ. ಸಣ್ಣ ಸ್ಟೆಪ್ನಿ ಮುಂದೆ, ಎಂಜಿನ್ನಿನ ಎಳೆತವಿಲ್ಲದ ಕಡೆ, ಮೆಲ್ಲಗೆ ಹೋದರೆ ಪೇಟೆ ಮುಟ್ಟಿಸುತ್ತದೆ. ಅವಳು ಅಷ್ಟನ್ನೇ ಹೇಳಿದಳು. ಆದರೆ ಹಾಗೆ ಮಾಡಲು ಜಾಕಿ ಎರಡು ಸಲ ಏರಬೇಕು, ಹೆಂಗಸರನ್ನು ಸೆಳೆಯಲು ಬೀರಾನಿಗೆ ಎರಡು ಪಟ್ಟು ಹೊತ್ತು ಸಿಗುತ್ತದೆ. ಸುಖವಾಗಿದ್ದ ಚಕ್ರವನ್ನು ಅವಳು ಬಿಚ್ಚತೊಡಗಿದ್ದು ಕಂಡು ಬೀರಾ ಹೊಟ್ಟೆತುಂಬ ನಕ್ಕ. ತಲೆನೋವಿಗೆ ಹಲ್ಲು ಕೀಳ್ತಾಳೆ ನೋಡಿ ಎಂದ. ಇನ್ನಿಬ್ಬರು ಹೆಂಗಸರು ಬುಟ್ಟಿ ಎತ್ತಿಕೊಂಡು ಅವನತ್ತ ನಡೆದರು. ರೂಪೇಶ ಒಮ್ಮೆ ಅವರನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಅವಳ ಕೈಯಿಂದ ನಟ್ಟು ಬಿಚ್ಚುವ ಪಾನಾ ಕಸಿದುಕೊಳ್ಳಲು ಬಗ್ಗಿದವನು ಮೊಣಕಾಲು ಹಿಡಿದು ಹಾಗೇ ಕೂತುಬಿಟ್ಟ. ನೋವು ಮುಖಕ್ಕೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಕೂತಲ್ಲಿಂದಲೇ ಅವಳು ಬಿಚ್ಚಿಹಾಕಿದ ನಟ್ಟುಗಳನ್ನು ಒಂದೊಂದಾಗಿ ಹೆಕ್ಕಿ ಅವಳ ಕೈಗೆ ಕೊಡತೊಡಗಿದ.

ಕಾಮಿ ಎಲ್ಲಿಗೂ ಹೋಗಲಿಲ್ಲ. ಬುಟ್ಟಿಯ ಮೇಲೆ ಪ್ಲಾಸ್ಟಿಕ್ಕು ಹೊದಿಸಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಎಲೆ ಜಗಿಯುತ್ತಿದ್ದಳು. ಅವಳನ್ನು ನೋಡಿ ಉಳಿದ ನಾಲ್ವರೂ ಕೂತರು. ಬೀರಾ ಹಾರ್ನು ಹಾಕಿ ಹೊರಟುಹೋದ.

ಎರಡೂ ಚಕ್ರ ಕೂತವು. ರೂಪೇಶ ಡ್ರೈವರ್ ಬಾಗಿಲ ತನಕ ಕುಂಟಿಕೊಂಡು ಹೋಗಿ, ಕ್ಲಚ್ಚಿನತ್ತ ನೋಡಿ, ಸುತ್ತಿಕೊಂಡು ಎಡಬದಿಗೆ ಬಂದ. ದುರ್ಗಾ ಹತ್ತಿದಳು.

ಗಾಡಿ ಹೊರಟ ಕೂಡಲೇ ಸ್ಟೇರಿಂಗು ಎಡಕ್ಕೆ, ಸಣ್ಣ ಚಕ್ರದ ಬದಿಗೆ ಎಳೆಯತೊಡಗಿತು. ಅವಳು ಬಲಕ್ಕೆ ಹಿಡಿದಳು. ಹಿಡಿತ ಸಡಿಲವಾದರೆ ಎಡಕ್ಕೆ ಚರಂಡಿ, ಜಾಸ್ತಿಯಾದರೆ ಬಲಕ್ಕೆ ಹಾದುಹೋಗುವ ಲಾರಿ. ಅರ್ಗಾ ದಾಟಿತು. ಬಿಣಗಾದ ಏರಿನಲ್ಲಿ ಮಳೆ ಜೋರಾಗಿ ವೈಪರಿಗೆ ಕೈಮೀರಿತು. ಹಿಂದೆ ಜಗಳವಾಡುತ್ತಿದ್ದ ಹೆಂಗಸರು ಸುಮ್ಮನಾಗಿದ್ದರು. ಅದು ಅವಳನ್ನು ಹೆಚ್ಚು ಹೆದರಿಸಿತು. ಅವಳು ಮುಂದಕ್ಕೆ ಬಾಗಿ ರಸ್ತೆ ಹುಡುಕುತ್ತಿರುವುದನ್ನು ಕಂಡು ರೂಪೇಶ ಟವೆಲಿನಿಂದ ಒಳಗಿನ ಗಾಜಿನ ಮಂಜು ಒರೆಸಿದ. ಇಳಿತ ಸಿಗುವವರೆಗೂ ಒರೆಸುತ್ತಲೇ ಇದ್ದ.

ಕಾರವಾರ ಮುಟ್ಟುವಾಗ ಪೇಟೆಯ ಒಳ್ಳೆಯ ಜಾಗಗಳೆಲ್ಲ ತುಂಬಿದ್ದವು. ಕಾಮಿಗೆ ಗೇಟಿನ ಹೊರಗೆ, ಚರಂಡಿಯ ಪಕ್ಕ ಜಾಗ ಸಿಕ್ಕಿತು. ಬೀರಾನ ಗಾಡಿಯಲ್ಲಿ ಬಂದವರು ಒಳಗೆ ಬಂಗಡೆ ಮೀನು ಮಾರಿ ಮುಗಿಸುತ್ತ ಬಂದಿದ್ದರು. ಅವರಲ್ಲಿ ಎಷ್ಟು ಜನ ತಿರುಗಿ ಬರುತ್ತಾರೋ ದೇವರಿಗೇ ಗೊತ್ತು. ಬುಟ್ಟಿ ಇಳಿಸಿದ ಕಾಮಿ, ಸೆರಗು ಹಿಂಡಿಕೊಳ್ಳುತ್ತ ಇಬ್ಬರಿಗೂ ಕೇಳುವ ಹಾಗೆ ಕೇಳಿದಳು.

"ನಾಳೆ ಯಾರ್ ಬರ್ತ್ರಿ? ಈಗ್ಲೇ ಹೇಳಿ. ನಾ ಉಳಿದೋರಿಗೆ ಹೇಳ್ಬೇಕು."

ರೂಪೇಶ ಮೊಣಕಾಲು ನೀವಿಕೊಳ್ಳುತ್ತ, ಇನ್ನೆರಡು ದಿನ ದುರ್ಗಾ ಬರಲಿ, ಆಮೇಲೆ ನೋಡುವಾ ಎಂದು ಶುರುಮಾಡಿದ.

"ಎರಡು ದಿನ ಅಲ್ಲ," ಎಂದಳು ದುರ್ಗಾ. ದನಿ ಅವಳಿಗೇ ಅಪರಿಚಿತವಾಗಿತ್ತು. "ನಾಳೆ ನಾನು. ನಾಡಿದ್ದೂ ನಾನು. ಬದಲಿಗೆ ಬರುದು ಸಾಕು ನಂಗೆ."

ಕಾಮಿ ರೂಪೇಶನ ಮುಖ ನೋಡಿದಳು. ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಅವನು ಮುಂದಿನ ಸಣ್ಣ ಚಕ್ರದತ್ತ ನೋಡಿದ.

"ಹಂಗಾರೆ ನಾ ಎಂತ ಮಾಡ್ಲಿ?" ಎಂದ. ಕೋಪವಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದವನು ಕೇಳುವ ಹಾಗೆ ಕೇಳಿದ.

"ಕಾಲು ಸಮಾ ಆಗ್ಲಿ. ಮಧ್ಯಾಹ್ನದ ಬಾಡಿಗೆ ನೀವು ನೋಡಿ. ಬೆಳಗಿನ ಕೇಣಿ ಸವಾರಿ ನಂದು." ಅವಳು ಕೀಲಿ ತಿರುವಿದಳು. "ಈಗ ಗಣೇಶಣ್ಣನ ಅಂಗಡಿಗೆ ಹೋಗುವಾ. ಹಳೇ ಅಳತೇದು ನಾಲ್ಕು ತೆಗೆದಿಡ್ಲಿಕ್ಕೆ ಫೋನು ಮಾಡಿ."

ರೂಪೇಶ ಕಿಸೆಯಿಂದ ಫೋನು ತೆಗೆದ. ಒದ್ದೆ ಬೆರಳಿಗೆ ಪರದೆ ಸ್ಪಂದಿಸಲಿಲ್ಲ. ಅಂಗಿಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತಿದ.