ಸೂಜಿ ಬಿಡದ ಕೈ

ಶಿರಾದ ನಮ್ಮ ಬಾಡಿಗೆ ಮನೆಯ ಮುಂಗೋಣೆಯಲ್ಲಿ ಮದುವೆ ರವಿಕೆಗಳಿಗೆ ಕಸೂತಿ ಹಾಕುವುದು ನನ್ನ ಕೆಲಸ. ಗಂಡನಿಗೆ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕೆಲಸ. ಭಾನುವಾರ ಮಾತ್ರ ಮನೆಗೆ ಬರುತ್ತಾರೆ. ಉಳಿದ ದಿನ ನಾನು, ಯುಕೆಜಿ ಓದುವ ಮಗಳು.

ಮಾರ್ಚಿನ ಒಂದು ಮಧ್ಯಾಹ್ನ ರವಿಕೆಯ ತೋಳಿನ ತುಂಬ ಜರಿಯ ಬಳ್ಳಿ ಹೊಲಿಯುತ್ತಿದ್ದೆ. ಮೂರು ಗಂಟೆಗೆ ಮೊಬೈಲಿನ ಅಲಾರಂ ಹೊಡೆಯಿತು. ಸ್ಕೂಲು ಬಿಡುವ ಹೊತ್ತು. ಆರಿಸಿ, ಈ ಒಂದು ಎಲೆ ಮುಗಿಸಿ ಏಳೋಣ ಅಂದುಕೊಂಡೆ. ಬಾಯಾರಿತ್ತು, ಸೊಂಟ ಸೆಟೆದಿತ್ತು, ಬಚ್ಚಲಿಗೂ ಹೋಗಬೇಕಿತ್ತು. ಎಲ್ಲವೂ ಗೊತ್ತಾಗುತ್ತಿತ್ತು. ಆದರೆ ಎಲೆಯಾದ ಮೇಲೆ ಇನ್ನೊಂದು ಎಲೆ. ಬಾವಿಯೊಳಗೆ ಬಿದ್ದವರಿಗೆ ಮೇಲಿನ ಮಾತು ಕೇಳಿಸುತ್ತದಂತೆ, ಹತ್ತಿ ಬರಲಾಗುವುದಿಲ್ಲವಂತೆ. ನನ್ನ ಪಾಡೂ ಅದೇ.

ಎದುರು ಮನೆಯ ನೆರಳು ಕಿಟಕಿಗೆ ಬಿದ್ದು ಮಣಿಗಳ ಬಣ್ಣ ಕಾಣದಾದಾಗ ತಲೆಯೆತ್ತಿದೆ. ಐದೂವರೆ.

ಚಪ್ಪಲಿಯಿಲ್ಲದೆ ಓಡಿದೆ. ಸ್ಕೂಲಿನ ಗೇಟಿಗೆ ಬೀಗ. ಪಕ್ಕದಲ್ಲಿ ಹೂ ಮಾರುವಾಕೆ ಅಂದಳು: "ಇಷ್ಟೊತ್ತೂ ಇಲ್ಲೇ ಕುಂತಿತ್ತು ಕಣಮ್ಮ. ಅಜ್ಜಿ ಮನೆಗೆ ಹೋಯ್ತೀನಿ ಅಂತ ಈಗ ಎದ್ದೋಯ್ತು. ಗಿರಾಕಿ ನೋಡೋದ್ರಲ್ಲಿ ಕೈಗೆ ಸಿಗ್ನಿಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಯ ಊರು ಬರಗೂರಿಗೆ ಹೋಗುವ ಬಸ್ಸು ನಿಂತಿತ್ತು. ಕಂಡಕ್ಟರು ಮುಂದಿನ ಸೀಟಿನಲ್ಲಿ ಮಗಳನ್ನು ಕೂರಿಸಿಕೊಂಡು, ಯಾರ ಮಗುವೆಂದು ಎಲ್ಲರನ್ನೂ ಕೇಳುತ್ತಿದ್ದ. ಅವಳು ಅಳುತ್ತಿರಲಿಲ್ಲ.

"ನೀನು ಮರ್ತೋಗಿದ್ಯಲ್ಲ, ಅದಕ್ಕೆ ಅಜ್ಜಿ ಹತ್ರ ಹೊರಟೆ," ಅಂದಳು.

ಕೋಪವೇ ಇರಲಿಲ್ಲ ಆ ದನಿಯಲ್ಲಿ. ನಾನು ಮರೆಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಆ ವಾರವೇ ತೋರಿಸಿಕೊಳ್ಳಲು ಹೋದಾಗ ತುಮಕೂರಿನ ಮನೋವೈದ್ಯರು ಇದಕ್ಕೆ ಎಡಿಎಚ್‌ಡಿ ಎಂಬ ಹೆಸರು ಹೇಳಿದರು. "ನಿಮಗೆ ಗಮನ ಇಲ್ಲ ಅಂತಲ್ಲ. ಬೇಕಾದ ಕಡೆ ತಿರುಗಿಸೋಕೆ ಆಗಲ್ಲ, ಅಷ್ಟೆ," ಎಂದು ವಿವರಿಸಿ, ನಗುತ್ತಾ ಸೇರಿಸಿದರು: "ಒಂದು ಥರ ವರ ಅಂದ್ಕೊಳ್ಳಿ." ಗೇಟಿನ ಬಳಿ ಎರಡು ಗಂಟೆಗೂ ಹೆಚ್ಚು ಕೂತಿದ್ದ ಮಗುವಿಗೆ ಆ ಮಾತನ್ನು ನಾನು ಹೇಗೆ ಹೇಳಲಿ? ಮಾತ್ರೆ ಬರೆಸಿಕೊಂಡು ಎದ್ದು ಬಂದೆ.

ನಮ್ಮ ಮನೆಗೆದುರು ಮಣಿ, ದಾರ ಮಾರುವ ಹೆಂಗಸಿದ್ದಾರೆ. ಬೀದಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಅವರ ಹತ್ತಿರ ಎಲ್ಲವನ್ನೂ ಹೇಳಿ, ದಿನಾ ಮೂರಕ್ಕೆ ಬಂದು ನನ್ನನ್ನು ಎಬ್ಬಿಸಿ ಎಂದು ಕೇಳಿಕೊಂಡೆ.

ಮೊದಲ ದಿನವೇ ಜಗಳವಾಯಿತು.

"ಏಳು ಬೇಟಿ, ಮಗು ಕಾಯ್ತೈತೆ."

"ಐದೇ ನಿಮಿಷ ಖಾಲಾ."

ಅವರು ನನ್ನ ಮಣಿಕಟ್ಟು ಹಿಡಿದು ಸೂಜಿ ಕಿತ್ತುಕೊಂಡರು. ಮೈಯೆಲ್ಲ ಉರಿದುಹೋಯಿತು. "ನಿಮಗೇನು ಗೊತ್ತು ಈ ಕೆಲಸ? ಆಚೆ ಹೋಗಿ!" ಎಂದು ಕಿರುಚಿದೆ. ಅವರು ಹೋಗಲಿಲ್ಲ. ಚಪ್ಪಲಿ ತಂದು ನನ್ನ ಕಾಲ ಬಳಿ ಇಟ್ಟರು. ದಾರಿಯುದ್ದಕ್ಕೂ ಅತ್ತುಕೊಂಡೇ ಸ್ಕೂಲಿಗೆ ಹೋದೆ. ಅಂಥ ಮಾತು ಕೇಳಿಯೂ ಮರುದಿನ ಅವರು ಮತ್ತೆ ಬಂದರು.

ಮಾತ್ರೆಯಿಂದ ಸ್ವಲ್ಪ ಹಗುರವಾಗಿದೆ. ಆದರೂ ಸೂಜಿ ಹಿಡಿಯುವ ಮುನ್ನ ಈಗ ಹೆದರಿಕೆಯಾಗುತ್ತದೆ. ಹಿಡಿದ ಮೇಲೆ ಆ ಹೆದರಿಕೆಯೂ ಮರೆತುಹೋಗುತ್ತದೆ.

ಮೊನ್ನೆ ಮಗಳು ಜಡೆ ಹಾಕಿಸಿಕೊಳ್ಳುತ್ತಾ ಕೇಳಿದಳು: "ಇವತ್ತು ನೀನೇ ಬರ್ತೀಯಾ?"

ಖಂಡಿತ ಎನ್ನಲು ಬಾಯಿ ಬರಲಿಲ್ಲ. "ಖಾಲಾ ಎಬ್ಬಿಸ್ತಾರೆ, ಬರ್ತೀನಿ," ಅಂದೆ.

"ಹೂಂ," ಎಂದು ಅವಳು ಬ್ಯಾಗು ಏರಿಸಿಕೊಂಡಳು.